ನಲವತ್ತೊಂದು ಸಲ ಹೆದರಬೇಡಿ

ಎದುರಿನ ಕಟ್ಟಡದಲ್ಲಿ ಯಾರೋ ಗಾಜಿನ ಬಾಗಿಲು ತೆಗೆದರು, ಬಿಸಿಲಿನ ಒಂದು ತುಂಡು ಹಾರಿ ಬಂದು ನನ್ನ ಮೇಜಿನ ಮೇಲೆ ಬಿದ್ದು, ಕರಡಚ್ಚಿನ ಹಾಳೆಗಳನ್ನು ಸವರಿಕೊಂಡು ಗೋಡೆ ಹತ್ತಿ ಮಾಯವಾಯಿತು, ಮತ್ತೆ ತೆಗೆಯುತ್ತಾರೆ, ಮತ್ತೆ ಬರುತ್ತದೆ — ಬರಲಿ, ಇವತ್ತು ನನಗೆ ಯಾವುದೂ ಅಡ್ಡಿಯಲ್ಲ, ಮುನ್ನೂರ ಹನ್ನೆರಡು ಪುಟ, ಹದಿನಾಲ್ಕು ಅಧ್ಯಾಯ, ಬೆಳಿಗ್ಗೆ ಹತ್ತಕ್ಕೆ ಸಂಪಾದಕರಿಗೆ ಎರಡೇ ಪದ ಕಳಿಸಿದ್ದೇನೆ, ಅಚ್ಚಿಗೆ ಹೋಗಲಿ, ಹನ್ನೆರಡಕ್ಕೆ ಯಂತ್ರ ತಿರುಗುತ್ತದೆ, ಶನಿವಾರ ಡೆವಲಪರ್‌ಗಳ ಸಮಾವೇಶ, ಮೊದಲ ಪ್ರತಿಗಳು ಮೇಜಿನ ಮೇಲೆ, ಮೇಜಿನ ಹಿಂದೆ ನಾನು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಬಡಾಯಿ ಮುಖದಲ್ಲಿ ಕಾಣದ ಹಾಗೆ ನಗುತ್ತಾ. ಹದಿನಾರು ವರ್ಷ ಈ ತಂತ್ರಾಂಶದ ಜೊತೆಗಿದ್ದೇನೆ, ಗಂಡನ ಜೊತೆ ಇದ್ದದ್ದಕ್ಕಿಂತ ಮೂರು ವರ್ಷ ಹೆಚ್ಚು. ವೆಬ್‌ಸೈಟಿಗೆ ಬರಹ ಚಿತ್ರಗಳನ್ನು ಸೇರಿಸಿ, ಜೋಡಿಸಿ, ಕಾಪಾಡಿಕೊಳ್ಳುವ ತಂತ್ರಾಂಶ, ಯಾರೊಬ್ಬರ ಸೊತ್ತೂ ಅಲ್ಲ, ಒಳಗಿನದೆಲ್ಲ ಬಿಚ್ಚಿಟ್ಟಿದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ನಾನೂ ತಿದ್ದಿದ್ದೇನೆ, ಅದರ ಒಳಗೆ ಎಲ್ಲೋ ಮೂಲೆಯಲ್ಲಿ ನಾನು ಬರೆದ ಹನ್ನೊಂದು ಸಾಲುಗಳಿವೆ, ಯಾರೂ ಗುರುತಿಸುವುದಿಲ್ಲ, ನಾನು ಗುರುತಿಸುತ್ತೇನೆ, ಅಷ್ಟು ಸಾಕು. ಈಗ ಅದಕ್ಕೊಂದು ಪುಸ್ತಕ, ಅದೂ ನಮ್ಮ ಭಾಷೆಯಲ್ಲಿ, ನನ್ನದೇ ದನಿಯಲ್ಲಿ.

ದನಿ ಎಂದರೆ ಮೊದಲು ಸಂಪಾದಕರು ಹುಬ್ಬೇರಿಸಿದ್ದು ಅದಕ್ಕೇ, ಮೇಡಂ ಒಂದು ಮಾತು, ಬೇಜಾರು ಮಾಡ್ಕೋಬೇಡಿ, ಈ ಪುಸ್ತಕದಲ್ಲಿ ಹೆದರಬೇಡಿ ಅನ್ನೋ ಪದ ನಲವತ್ತೊಂದು ಸಲ ಬಂದಿದೆ, ನಾನೇ ಕೂತು ಎಣಿಸಿದೆ. ಇರಲಿ ಬಿಡಿ ಸರ್, ಓದುವವರು ನಲವತ್ತೊಂದು ಕಡೆ ಹೆದರುತ್ತಾರೆ, ಅದಕ್ಕೇ ಇದೆ. ಪಾಪ, ಒಳ್ಳೆಯ ಮನುಷ್ಯ, ಅಲ್ಪವಿರಾಮಕ್ಕೂ ಕಾರಣ ಕೇಳುವವರು, ಆದರೆ ತಂತ್ರಾಂಶದ ಪುಸ್ತಕಗಳನ್ನು ಯಾರು ಹೇಗೆ ಓದುತ್ತಾರೆಂದು ಅವರಿಗೇನು ಗೊತ್ತು, ಒಂದು ಕೈ ಕೀಲಿಮಣೆಯ ಮೇಲೆ, ಒಂದು ಕಣ್ಣು ಪುಟದ ಮೇಲೆ, ಜೀವ ಬಾಯಿಗೆ ಬಂದಿರುತ್ತದೆ, ಅಂಥ ಹೊತ್ತಿನಲ್ಲಿ ಪುಸ್ತಕ ಮೇಷ್ಟರ ಹಾಗೆ ಕಿವಿ ಹಿಂಡಬಾರದು, ಪಕ್ಕದಲ್ಲಿ ಕೂತು ಬೆನ್ನು ಸವರಬೇಕು. ಮುನ್ನುಡಿಯಲ್ಲಿ ಗೆರೆ ಕೊರೆದ ಹಾಗೆ ಬರೆದಿದ್ದೇನೆ, ಇದರಲ್ಲಿರುವ ಪ್ರತಿಯೊಂದು ಹೆಜ್ಜೆಯನ್ನೂ ನಾನು ನನ್ನ ಯಂತ್ರದಲ್ಲಿ ಮಾಡಿ ನೋಡಿದ್ದೇನೆ, ಒಂದೂ ಕೇಳಿದ ಮಾತಲ್ಲ. ನಿಜ. ಒಂದೊಂದನ್ನೂ ಮೂರು ಮೂರು ಸಲ. ಗೆಳೆಯರಿಬ್ಬರು, ಇಬ್ಬರೂ ಈ ಕೆಲಸದಲ್ಲಿ ನುರಿತವರು, ಕರಡು ಓದಿ ತಲೆಯಾಡಿಸಿದರು, ಚೆನ್ನಾಗಿದೆ ಕಣೆ, ನೀರು ಕುಡಿದ ಹಾಗಿದೆ ಎಂದರು, ಓದಿದರು ಅಷ್ಟೇ, ಮಾಡಿ ನೋಡಲಿಲ್ಲ, ನುರಿತವರು ಮಾಡಿ ನೋಡುವುದಿಲ್ಲ. ಮಾಡಿ ನೋಡಿದವರು ಅತ್ತಿಗೆ ಒಬ್ಬರೇ.

ಅತ್ತಿಗೆಯನ್ನು ಹಿಡಿದದ್ದು ನನ್ನ ಜಾಣತನ, ಅದನ್ನು ಯಾರಾದರೂ ಮೆಚ್ಚಲೇಬೇಕು. ದರ್ಜಿ ಕೆಲಸದವರು, ಕಂಪ್ಯೂಟರಿನ ಗಂಧಗಾಳಿ ಇಲ್ಲ, ಆದರೆ ಬರೆದದ್ದನ್ನು ಬರೆದ ಹಾಗೇ ಮಾಡುವವರು, ಒಂದು ಹೆಜ್ಜೆ ಮುಗಿದರೆ ಆ ಸಾಲಿನ ಪಕ್ಕ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಒಂದು ಗೀಟು, ಆಮೇಲೆ ಮುಂದಿನದು, ನಾನು ಕೊಟ್ಟ ಹಾಳೆಗಳೆಲ್ಲ ನೀಲಿ ಪುಡಿ ಮೆತ್ತಿಕೊಂಡು ವಾಪಸಾಗುತ್ತಿದ್ದವು. ನಿಮಗೆ ಅರ್ಥ ಆದ್ರೆ ನನ್ನ ಪುಸ್ತಕ ಗೆದ್ದ ಹಾಗೆ ಅತ್ತಿಗೆ, ಎಂದರೆ, ಅಂದ್ರೆ ನಾನು ಅಷ್ಟು ದಡ್ಡಿ ಅಂತ ತಾನೆ ಎಂದು ನಗುವರು. ಅವರಿಗೆ ಇದೇ ತಂತ್ರಾಂಶದ ಒಂದು ವೆಬ್‌ಸೈಟ್ ಇದೆಯಲ್ಲ, ಹೆಜ್ಜೆಗಳನ್ನು ಮಾಡಿ ನೋಡುತ್ತಿದ್ದದ್ದೂ ಅದರಲ್ಲೇ, ಅಣ್ಣನದು, ಅಣ್ಣ ಹೋಗಿ ಮೂರು ವರ್ಷವಾದರೂ ಅವರೇ ನೋಡಿಕೊಳ್ಳುತ್ತಿರುವುದು. ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ, ರಿಪೇರಿ ಮಾಡಿದ್ದನ್ನೆಲ್ಲ ಬರೆಯುತ್ತಿದ್ದ, ಅಂಗಡಿಯ ಹೆಸರಿನಲ್ಲೇ ಸೈಟು, ಮುನ್ನೂರ ಎಂಬತ್ತಾರು ಟಿಪ್ಪಣಿ, ಕಾಲಿನ ಯಂತ್ರ ಹಿಂದಕ್ಕೆ ತಿರುಗಿದರೆ ಏನು ಮಾಡಬೇಕು, ಬಾಬಿನ್ನಿನ ದಾರ ಗಂಟಾಗುವುದು ಯಾಕೆ, ಸೂಜಿ ಮುರಿಯುವುದಕ್ಕೆ ಒಂಬತ್ತು ಕಾರಣಗಳು, ಹತ್ತನೆಯ ಕಾರಣ ನೀವು — ಹೀಗೆ, ಮಾತಾಡಿದ ಹಾಗೇ ಬರೆದಿದ್ದಾನೆ, ಬೈಗುಳವೂ ಸೇರಿ. ಕಂಡುಕೇಳದ ದರ್ಜಿಗಳು ಈಗಲೂ ಅದನ್ನು ಓದಿ ಅತ್ತಿಗೆಗೆ ಫೋನು ಮಾಡುತ್ತಾರೆ, ಯಜಮಾನರು ಇದಾರಾ ಎಂದು, ಅತ್ತಿಗೆ, ಇಲ್ಲ, ಆದರೆ ನಿಮ್ಮ ಯಂತ್ರಕ್ಕೆ ಏನಾಗಿದೆ ಹೇಳಿ, ಬರೆದಿಟ್ಟಿರ್ತಾರೆ, ನೋಡಿ ಹೇಳ್ತೀನಿ ಎನ್ನುತ್ತಾರೆ. ನನ್ನ ದನಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎಂದು ಒಪ್ಪಿಕೊಳ್ಳುತ್ತೇನೆ, ನಾಚಿಕೆಯೇನಿಲ್ಲ.

ಹನ್ನೊಂದೂಕಾಲು. ಕೃತಜ್ಞತೆಯ ಪುಟದಲ್ಲಿ ಅತ್ತಿಗೆಗೆ ಒಂದು ಸಾಲಿದೆ, ಅಚ್ಚಾಗುವ ಮೊದಲು ಓದಿ ಹೇಳೋಣ, ಖುಷಿಪಡಲಿ, ಸುಮ್ಮನೆ ಫೋನು ಒತ್ತಿದೆ, ಎರಡನೆಯ ಗಂಟೆಗೇ ಎತ್ತಿದರು, ಹಿಂದೆ ಯಂತ್ರ ಟಕಟಕ ಓಡಿ ನಿಂತಿತು, ಏನೇ ಗಡಿಬಿಡಿ, ಮುಗೀತಾ ಪುಸ್ತಕ. ಗಡಿಬಿಡಿ ನನಗೆ ಅಣ್ಣ ಇಟ್ಟ ಹೆಸರು. ಮುಗೀತು ಅತ್ತಿಗೆ, ಹನ್ನೆರಡಕ್ಕೆ ಅಚ್ಚಿಗೆ, ಕೇಳಿ ಇಲ್ಲಿ, ಎಂದು ಓದಿದೆ, ಪ್ರತಿ ಹೆಜ್ಜೆಯನ್ನೂ ತಾಳ್ಮೆಯಿಂದ ಮಾಡಿ ನೋಡಿ ಸರಿ ಎಂದ ನನ್ನ ಅತ್ತಿಗೆಗೆ. ಆ ಕಡೆ ಯಂತ್ರ ಮತ್ತೆ ಒಂದೆರಡು ಹೊಲಿಗೆ ಓಡಿ ನಿಂತಿತು. ಖುಷಿಗೆ ಅಂದುಕೊಂಡೆ, ಬೀಗಿದೆ ಕೂಡ, ಇನ್ನೊಮ್ಮೆ ಓದಲಾ ಎಂದೆ. ಅದಲ್ಲ ಕಣೆ, ಪ್ರತಿ ಹೆಜ್ಜೆ ಅಂತ ಹಾಕ್ಬೇಡ, ಏಳನೇ ಪಾಠದಲ್ಲಿ ನಾನೇನೋ ಎಡವಟ್ಟು ಮಾಡ್ದೆ, ನಿನಗೆ ಹೇಳ್ಲಿಲ್ಲ, ನಿನ್ನ ಪುಸ್ತಕ ಮುಗೀಲಿ ಅಂತ ಸುಮ್ಮನಿದ್ದೆ. ಏನು ಎಡವಟ್ಟು. ಅವರು ಬರೆದಿದ್ದು ಯಾವುದೂ ಕಾಣ್ತಿಲ್ಲ. ಯಾವುದೂ ಅಂದ್ರೆ. ಯಾವುದೂ. ಅಂಗಡಿ ಹೆಸರು ಮಾತ್ರ ಮೇಲಿದೆ, ಕೆಳಗೆಲ್ಲ ಬಿಳಿ, ನಡುವೆ ಒಂದು ನೀಲಿ ಗುಂಡಿ, ಮೊದಲ ಬರಹ ಸೇರಿಸಿ ಅಂತಿದೆ. ಹೋಗಲಿ ಬಿಡು, ನೀನು ಬಿಡುವಾದಾಗ ಬಂದು ಸರಿ ಮಾಡ್ಕೊಡು, ನಾನೇ ಅಲ್ವಾ ಕೆಡಿಸಿದ್ದು.

ಕೆಡಿಸುವುದಕ್ಕೆ ಸಾಧ್ಯವೇ ಇಲ್ಲವಲ್ಲ, ಇರಿ ಅತ್ತಿಗೆ, ಫೋನು ಇಡಬೇಡಿ, ಏಳನೆಯ ಅಧ್ಯಾಯ, ಹೊಸ ಆವೃತ್ತಿಗೆ ಸಾಗುವುದು, ಪುಟ ನೂರ ನಲವತ್ತು, ನಾಲ್ಕನೆಯ ಹೆಜ್ಜೆ, ಬರಹಗಳೆಲ್ಲ ಇರುವ ಹಳೆಯ ಡೇಟಾಬೇಸನ್ನು ಈ ಕಮಾಂಡಿನಿಂದ ಖಾಲಿ ಮಾಡಿ, ಹೆದರಬೇಡಿ, ಇದು ಮೊದಲು ಎಲ್ಲದರ ನಕಲು ತೆಗೆದಿಟ್ಟುಕೊಂಡು ಆಮೇಲೆಯೇ ಅಳಿಸುತ್ತದೆ. ಸರಿಯಾಗಿಯೇ ಇದೆ. ಮೂರು ಸಲ ಮಾಡಿದ್ದೇನೆ, ಮೂರು ಸಲವೂ ನಕಲು ತೆಗೆದಿದೆ, ಬೇಕಾದರೆ ಈಗಲೇ, ಇಗೋ, ನನ್ನ ಯಂತ್ರದಲ್ಲಿ ಆ ಕಮಾಂಡು ಬರೆದು ಒತ್ತಿದೆ, ನಕಲು ತೆಗೆಯಲಾಗಿದೆ ಎಂದಿತು, ಅಳಿಸಲಾಗಿದೆ ಎಂದಿತು, ನೋಡಿ. ನೋಡಿದೆ. ನಕಲು ಹೋಗಿ ಕೂತ ಜಾಗದ ಹೆಸರು ನೋಡಿದೆ. ಆ ಹೆಸರನ್ನು ತಂತ್ರಾಂಶ ಇಟ್ಟದ್ದಲ್ಲ. ಗಡಿಬಿಡಿಯ ಗಂಟು ಎಂದಿದೆ. ಏಳು ವರ್ಷದ ಹಿಂದೆ, ಯಾರದೋ ಸೈಟಿನ ಅರ್ಧ ಅಳಿಸಿ ಹಾಕಿ ನಾನು ಈ ಮೇಜಿಗೇ ತಲೆ ಕೊಟ್ಟು ಅಳುತ್ತಿದ್ದ ದಿನ, ಅಣ್ಣ ಪಕ್ಕದ ಕುರ್ಚಿಯಲ್ಲಿ, ಎಣ್ಣೆ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ನಾನು ಯಾವ ಯಂತ್ರ ಬಿಚ್ಚಿದ್ರೂ ಮೊದಲು ಹಾಳೆ ಮೇಲೆ ಬರ್ಕೋತೀನಿ, ಯಾವ ತಿರುಪು ಎಲ್ಲಿತ್ತು ಅಂತ, ನೀನು ಬರ್ಕೊಳೋಳಲ್ಲ, ಅಳಿಸು ಅಂದ ತಕ್ಷಣ ಅದೇ ನಕಲು ತಗೊಳೋ ಹಾಗೆ ಏನಾದ್ರೂ ಮಾಡೋಕಾಗುತ್ತಾ ನೋಡು. ಆಗುತ್ತೆ. ಹಾಗಾದ್ರೆ ಈಗ್ಲೇ ಮಾಡು, ನಾನು ಎದ್ದು ಹೋಗೋ ಮೊದಲು. ಮಾಡಿದೆ, ನನ್ನ ಯಂತ್ರದೊಳಗೆ ಮಾತ್ರ, ಆರು ಸಾಲು, ಆ ಕಮಾಂಡು ಬರೆದರೆ ಮೊದಲು ನನ್ನ ಆರು ಸಾಲು ಓಡಬೇಕು, ಆಮೇಲೆ ಅದು. ಜಾಗಕ್ಕೆ ಹೆಸರು ಅವನೇ ಹೇಳಿದ. ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಬದಲಾಯಿಸಿದಾಗಲೆಲ್ಲ ಆ ಆರು ಸಾಲೂ ನನ್ನ ಹಿಂದೆಯೇ ಬಂದಿವೆ, ನಾನು ಮರೆತಿದ್ದೇನೆ, ಚೆನ್ನಾಗಿ ಮರೆತು ಅದು ತಂತ್ರಾಂಶದ ಗುಣವೆಂದೇ ನಂಬಿ, ನಂಬಿದ್ದನ್ನು ಪುಸ್ತಕದಲ್ಲಿ ಬರೆದು, ಹೆದರಬೇಡಿ ಎಂದೂ ಸೇರಿಸಿದ್ದೇನೆ. ಬೇರೆಯವರ ಯಂತ್ರದಲ್ಲಿ ಅದು ಅಳಿಸುತ್ತದೆ, ಅಷ್ಟೇ.

ಕಚೇರಿಯ ಫೋನು ಎತ್ತಿದ್ದೇನೆ, ಎಡಗೈಯಲ್ಲಿ ಅತ್ತಿಗೆ, ಬಲಗೈಯಲ್ಲಿ ಸಂಪಾದಕರು, ಹನ್ನೊಂದು ನಲವತ್ತು, ಸರ್ ಯಂತ್ರ ನಿಲ್ಲಿಸಿ. ಯಾಕೆ ಮೇಡಂ. ಏಳನೆಯ ಅಧ್ಯಾಯ ತಪ್ಪು. ಅಕ್ಷರ ತಪ್ಪಾ, ಒಂದು ತಿದ್ದುಪಡಿ ಚೀಟಿ ಅಂಟಿಸೋಣ. ಚೀಟಿಯಿಂದ ಆಗಲ್ಲ ಸರ್, ಆ ಪುಟ ನಂಬಿ ಮಾಡಿದವರ ಸೈಟು ಖಾಲಿಯಾಗುತ್ತೆ, ಚೀಟಿ ಉದುರಿ ಹೋಗುತ್ತೆ, ಪುಟ ಉಳಿಯುತ್ತೆ. ಶನಿವಾರಕ್ಕೆ ಪುಸ್ತಕ ಇರಲ್ಲ ಹಾಗಾದ್ರೆ. ಇರದಿದ್ರೆ ಬೇಡ. ಯೋಚನೆ ಮಾಡಿ ಹೇಳಿ. ಮಾಡಿದ್ದೇನೆ. ಎಷ್ಟು ಸರಾಗವಾಗಿ ಬಂತು ಮಾತು, ನನ್ನ ದನಿ ನಡುಗಲಿಲ್ಲ, ಅದು ನನಗೆ ಗೊತ್ತು, ಕೆಲಸದ ವಿಷಯದಲ್ಲಿ ನಾನು ಯಾವತ್ತೂ ತಡವರಿಸಿದವಳಲ್ಲ, ನನ್ನ ಹಳೆಯ ಸಾಲುಗಳಿಲ್ಲದ ಹೊಸ ಯಂತ್ರ ತಂದು ಹದಿನಾಲ್ಕು ಅಧ್ಯಾಯವನ್ನೂ ಮೊದಲಿಂದ ಮಾಡಿ ನೋಡುತ್ತೇನೆ, ಮುನ್ನುಡಿಯ ಆ ಸಾಲನ್ನು ಹೊಡೆದು ಹಾಕುತ್ತೇನೆ, ಸಮಾವೇಶಕ್ಕೆ ಹೋಗಿ ಖಾಲಿ ಮೇಜಿನ ಹಿಂದೆ ನಿಂತು, ಪುಸ್ತಕ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನಗುವವರು ನಗಲಿ, ಪುಸ್ತಕ ಬರುತ್ತದೆ, ಎರಡು ತಿಂಗಳು ತಡ, ಒಳ್ಳೆಯದೇ ಬರುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಸಂಪಾದಕರು ಸರಿ ಎಂದರು, ಒಂದು ನಿಟ್ಟುಸಿರು ಬಿಟ್ಟು.

ಈಗ ಎಡಗೈ. ಅತ್ತಿಗೆ, ಯಾವತ್ತು ಮಾಡಿದ್ದು ನೀವು ಏಳನೇ ಪಾಠ. ಇರು, ಹಾಳೆ ಮೇಲೆ ಬರ್ಕೊಂಡಿದೀನಿ, ಹದಿನೇಳು ದಿನ ಆಯ್ತು. ಸೈಟು ಇಟ್ಟಿರುವ ಕಂಪನಿ ನಕಲು ಉಳಿಸಿಕೊಳ್ಳುವುದು ಏಳು ದಿನ, ಅದನ್ನು ಹದಿಮೂರನೆಯ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ, ಅದು ಸರಿಯಾಗಿದೆ, ಅದರಲ್ಲಿ ತಪ್ಪಿಲ್ಲ. ಮೊದಲ ದಿನವೇ ಫೋನು ಮಾಡಿದ್ದರೆ ಐದು ನಿಮಿಷದ ಕೆಲಸ. ಮಾಡಲಿಲ್ಲ, ಯಾಕೆಂದರೆ ಪುಸ್ತಕ ಹೆದರಬೇಡಿ ಎಂದಿತ್ತು, ಪುಸ್ತಕ ಬರೆದವಳು ತಪ್ಪು ಮಾಡುವವಳಲ್ಲ, ಆದ್ದರಿಂದ ತಪ್ಪು ದರ್ಜಿಯದ್ದೇ ಇರಬೇಕು. ಅತ್ತಿಗೆ ಕೇಳಿ, ಎಡವಟ್ಟು ನಿಮ್ಮದಲ್ಲ, ನನ್ನದು, ನಾನು ಬರೆದದ್ದೇ ತಪ್ಪು. ಹೌದಾ. ಹೂಂ. ಅಂದ್ರೆ ನಾನು ಹಾಳೇಲಿ ಇದ್ದ ಹಾಗೇ ಮಾಡಿದ್ದೆ. ಒಂದು ಎಳೆ ಆಚೀಚೆ ಆಗದ ಹಾಗೆ ಮಾಡಿದ್ರಿ. ನಾನೂ ಅದನ್ನೇ ಅಂದ್ಕೊಂಡೆ ನೋಡು, ಎಲ್ಲಾ ಸಾಲಿಗೂ ಗೀಟು ಹಾಕಿದೀನಿ, ಎಲ್ಲಿ ತಪ್ಪಿದೆ ಅಂತ ಹದಿನೇಳು ದಿನ ತಲೆ ಕೆಡಿಸ್ಕೊಂಡೆ. ದನಿಯಲ್ಲಿ ಒಂದು ಹಗುರ, ನನ್ನನ್ನು ಬೈಯುತ್ತಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕುರ್ಚಿ ಎಳೆದ ಸದ್ದು, ಕಂಪ್ಯೂಟರ್ ಮುಂದೆ ಕೂತರು, ಈಗ ಅವರ ಎದುರು ಆ ಬಿಳಿ, ಮೇಲೆ ಅಂಗಡಿಯ ಹೆಸರು, ನಡುವೆ ಆ ಗುಂಡಿ, ಇಲ್ಲಿ ನನ್ನ ಪರದೆಯಲ್ಲೂ ತೆರೆದಿದ್ದೇನೆ, ಅದೇ ಬಿಳಿ, ಬಾಬಿನ್ನಿನ ದಾರ ಇಲ್ಲ, ಹಿಂದಕ್ಕೆ ತಿರುಗುವ ಯಂತ್ರ ಇಲ್ಲ, ಹತ್ತನೆಯ ಕಾರಣ ಇಲ್ಲ. ಅವನು ನೇರ ಅಲ್ಲೇ ಬರೆಯುತ್ತಿದ್ದ, ಬೇರೆಲ್ಲೂ ಇಟ್ಟುಕೊಳ್ಳುತ್ತಿರಲಿಲ್ಲ, ತಿರುಪುಗಳನ್ನು ಹಾಳೆಯ ಮೇಲೆ ಬರೆದುಕೊಳ್ಳುವವನು ಇದನ್ನು ಮಾತ್ರ ನನ್ನ ತಂತ್ರಾಂಶವೆಂದು ನಂಬಿ ಬಿಟ್ಟಿದ್ದ. ಹೇಳಬೇಕು, ಒಂದು ಮಾತು, ಎಲ್ಲದಕ್ಕೂ ನನ್ನ ಹತ್ತಿರ ಮಾತಿರುತ್ತದೆ. ಗಡಿಬಿಡಿ, ಇದೀಯಾ, ಸರಿ ಹಾಗಾದ್ರೆ, ತಪ್ಪು ಎಲ್ಲಿ ಅಂತ ಗೊತ್ತಾಯ್ತಲ್ಲ, ಈಗ ಹೇಳು, ಈ ನೀಲಿ ಗುಂಡಿ ಒತ್ತಲಾ, ಒತ್ತಿದ್ರೆ ಅವರದ್ದು ಬರುತ್ತಾ — ಬಿಳಿ, ಮೇಲೆ ಅಂಗಡಿಯ ಹೆಸರು, ನಡುವೆ ನೀಲಿ ಗುಂಡಿ, ಮೊದಲ ಬರಹ ಸೇರಿಸಿ, ಒತ್ತಲಾ ಅಂತ ಕೇಳ್ತಿದೀನಿ, ಬಿಳಿ, ನೀಲಿ ಗುಂಡಿ, ಮೊದಲ ಬರಹ