ಆಣೆ ಇಲ್ಲದ ಮಾತು

"ಸೆನೇಟಿನಾಗ ಎಷ್ಟ ಮಂದಿ?"

"ನೂರು."

"ಬಾವುಟದಾಗ ಪಟ್ಟಿ ಎಷ್ಟು?"

"ಹದಿಮೂರು. ಮೊದಲಿನ ಹದಿಮೂರು ರಾಜ್ಯಕ್ಕ ಒಂದೊಂದು. ಸರೀರಿ ಆಕಡೆ, ಹಂಚು ಕಾದೈತಿ."

ಗದಿಗೆಪ್ಪ ಪಕ್ಕಕ್ಕೆ ಸರಿದ. ಶೈಲಮ್ಮ ತಟ್ಟಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ನ್ಯೂಯಾರ್ಕಿನ ಹೊರವಲಯದ ಹಿಕ್ಸ್‌ವಿಲ್ಲಿನ ಆ ಮನೆಯಲ್ಲಿ ಹೊಗೆಯ ಅಲಾರಂ ಕೂಗಬಾರದೆಂದರೆ ಕಿಟಕಿ ತೆರೆದಿಟ್ಟೇ ರೊಟ್ಟಿ ಮಾಡಬೇಕು. ಹೊರಗೆ ಮಾರ್ಚ್ ತಿಂಗಳ ಚಳಿ. ಗದಿಗೆಪ್ಪ ಜಾಕೆಟ್ ಹಾಕಿಕೊಂಡೇ ಒಲೆಯ ಬಳಿ ನಿಂತು, ಕೈಯಲ್ಲಿದ್ದ ಕಾರ್ಡುಗಳ ಕಟ್ಟನ್ನು ಇಸ್ಪೀಟಿನ ಎಲೆಗಳ ಹಾಗೆ ಕಲಸಿ ಇನ್ನೊಂದನ್ನು ಎತ್ತಿದ. ನೂರು ಕಾರ್ಡು, ನೂರು ಪ್ರಶ್ನೆ. ನೂರಕ್ಕೂ ಅವಳಿಂದ ಉತ್ತರ ಬಂತು. ಬಂದದ್ದೇ ಅವನಿಗೆ ತಲೆನೋವಾಗಿತ್ತು.

"ಮನ್ಯಾಗ ಎಲ್ಲಾ ಪಟಪಟ ಹೇಳ್ತಿ. ಅಲ್ಲೆ ಹೋದ್ರ ಬಾಯಿಗೆ ಯಾವ ಬೀಗ ಬೀಳ್ತೈತಿ ನಿನಗ?"

ಶೈಲಮ್ಮ ರೊಟ್ಟಿ ತಿರುವಿ ಹಾಕಿದಳು.

"ಇದು ಮುಗದ ಮ್ಯಾಲೆ ಅರ್ಜಿ ಓದ್ತಾರ. ಕುಡಿತೀರೇನು, ಜೂಜಾಡ್ತೀರೇನು, ಜೇಲಿಗೆ ಹೋಗಿದ್ರೇನು, ಸುಳ್ಳು ಸಾಕ್ಷಿ ಹೇಳೀರೇನು. ಅಲ್ಲಿಂದ ಎಲ್ಲಾದಕ್ಕೂ ನೋ. ಕಣ್ಣು ಮುಚ್ಚಿ ನೋ ಅಂದುಬಿಡು. ಕಡೇಕ ಸಂವಿಧಾನ ಒಪ್ತೀರೇನು ಅಂದಾಗ ಮಾತ್ರ ಯೆಸ್. ತಿಳೀತಿಲ್ಲೋ?"

"ಅಪ್ಪಾ, ಲೀವ್ ಹರ್ ಅಲೋನ್," ಎಂದಳು ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡಿದ್ದ ಸ್ಮಿತಾ. ಅವಳಿಗೆ ಹನ್ನೆರಡು ವರ್ಷ. "ಶೀ ನೋಸ್ ಇಟ್ ಬೆಟರ್ ದ್ಯಾನ್ ಯು."

ಅದೂ ನಿಜವೇ. ಮೂರು ತಿಂಗಳ ಹಿಂದೆ ಪೌರತ್ವದ ಸಂದರ್ಶನಕ್ಕೆ ಹೋದಾಗಲೂ ಶೈಲಮ್ಮನಿಗೆ ಎಲ್ಲ ಬರುತ್ತಿತ್ತು. ಒಳಗೆ ಹೋದವಳು ಹತ್ತೇ ನಿಮಿಷದಲ್ಲಿ ಹೊರಗೆ ಬಂದಿದ್ದಳು. ಅವಳ ಕೈಯಲ್ಲಿದ್ದ ಕಾಗದದಲ್ಲಿ, ಅರ್ಜಿದಾರರಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ, ಇನ್ನೊಂದು ಅವಕಾಶ ಕೊಡಲಾಗಿದೆ ಎಂದು ಬರೆದಿತ್ತು. ಎರಡನೆಯ ಸಲವೂ ಆಗದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ. ಮತ್ತೆ ಮೊದಲಿನಿಂದ ಶುರು, ವರ್ಷಗಟ್ಟಲೆ ಕಾಯುವುದು.

ಕಾಯಲು ಸಮಯವಿರಲಿಲ್ಲ. ಆ ವರ್ಷ ಯುರೋಪಿನ ದೇಶಗಳ ಹಣವೆಲ್ಲ ಒಂದಾಗುತ್ತಿತ್ತು. ಮ್ಯಾನ್‌ಹಟನ್ನಿನ ಬ್ಯಾಂಕಿನಲ್ಲಿ ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡಿಕೊಂಡಿದ್ದ ಗದಿಗೆಪ್ಪನನ್ನು ಅದೇ ಕೆಲಸಕ್ಕೆ ಮೂರು ವರ್ಷ ಲಂಡನ್ನಿಗೆ ಹಾಕಿದ್ದರು. ಜೂನಿನಲ್ಲಿ ಹೊರಡಬೇಕು. ಗದಿಗೆಪ್ಪ ಆಗಲೇ ಪೌರ, ಸ್ಮಿತಾ ಇಲ್ಲಿಯೇ ಹುಟ್ಟಿದವಳು. ಗ್ರೀನ್ ಕಾರ್ಡಿನ ಶೈಲಮ್ಮ ಅಷ್ಟು ದಿನ ದೇಶದ ಹೊರಗಿದ್ದರೆ ಕಾರ್ಡು ಕಳೆದುಕೊಳ್ಳುತ್ತಾಳೆ. ಪೌರತ್ವ ಸಿಗದಿದ್ದರೆ ಅವರಿಬ್ಬರೂ ಲಂಡನ್ನಿನಲ್ಲಿ, ಅವಳೊಬ್ಬಳು ಹಿಕ್ಸ್‌ವಿಲ್ಲಿನಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಆಡದೆಯೇ ಮೂವರಿಗೂ ಊಟ ಸೇರದಂತಾಗಿತ್ತು.

ಇಂಗ್ಲಿಷಿನ ಮೇಲೆ ಹೊರಿಸಿದ ತಪ್ಪು ಇಂಗ್ಲಿಷಿನದಲ್ಲ ಎಂದು ಗೊತ್ತಿದ್ದವಳು ಶೈಲಮ್ಮ ಒಬ್ಬಳೇ. ಅಂದು ಒಳಗೆ ಕೂರುವ ಮುಂಚೆಯೇ ಆ ಅಧಿಕಾರಿ, ಬಲಗೈ ಎತ್ತಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಎಂದಿದ್ದ. ಅವಳ ಬಲಗೈ ಮೇಲೆ ಹೋಗಲಿಲ್ಲ. ತಾನಾಗಿ ಎದೆಗೆ ಹೋಗಿ, ಸೆರಗಿನೊಳಗಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡಿತು. ಅವಳ ಊರಲ್ಲಿ ಆಣೆಯೆಂದರೆ ಲಿಂಗ ಮುಟ್ಟಿ ಹೇಳುವುದು. ಕೈ ಎತ್ತಿ ಎಂದು ಅವನು ಇನ್ನೆರಡು ಸಲ ಹೇಳಿದ. ಕೈ ಕರಡಿಗೆಯಿಂದ ಬಿಡಲಿಲ್ಲ, ಬಾಯಿ ತೆರೆಯಲಿಲ್ಲ.

ಅವಳು ಆಣೆ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ, ಹತ್ತು ವರ್ಷದವಳಿದ್ದಾಗ. ಗದಗದ ಮನೆಯಲ್ಲಿ ಚಿಕ್ಕಮ್ಮನ ಬೋರಮಾಳ ಸರ ಕಳೆದಿತ್ತು. ಮನೆಗೆಲಸದ ಫಕೀರವ್ವನ ಮೇಲೆ ಎಲ್ಲರ ಕಣ್ಣು. ಆಕೆ ಟ್ರಂಕಿನ ಹತ್ತಿರ ಹೋದದ್ದನ್ನು ನೀನು ನೋಡಿದ್ದೀಯಲ್ಲ, ನೋಡಿದ್ದೀಯಲ್ಲ ಎಂದು ದೊಡ್ಡವರು ಕೇಳಿದ್ದರು. ಕೇಳಿ ಕೇಳಿ ಹುಡುಗಿಗೆ ತಾನು ನೋಡಿದ್ದೇನೆಂದೇ ಅನ್ನಿಸತೊಡಗಿತ್ತು. ಲಿಂಗ ಮುಟ್ಟಿ ಹೇಳು ಎಂದರು. ಮುಟ್ಟಿ ಹೇಳಿದಳು. ಫಕೀರವ್ವ ಒಂದು ಮಾತೂ ಆಡದೆ, ಕೈಯಲ್ಲಿದ್ದ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಹೋದಳು. ಮೂರನೆಯ ದಿನ ಸರ ಜೋಳದ ಚೀಲದೊಳಗೆ ಸಿಕ್ಕಿತು. ಕರೆತರಲು ಹೋದವರಿಗೆ ಫಕೀರವ್ವನ ಗುಡಿಸಲಿಗೆ ಬೀಗ ಕಂಡಿತು. ಊರೇ ಬಿಟ್ಟು ಹೋಗಿದ್ದಳು. ಇದನ್ನು ಶೈಲಮ್ಮ ಗಂಡನಿಗೂ ಹೇಳಿರಲಿಲ್ಲ. ನಾಚಿಕೆಯೆಂದರೆ ನಾಚಿಕೆ, ಮೂವತ್ತೈದು ವರ್ಷದ ಹಳೆಯ ನಾಚಿಕೆ.

ಭಾನುವಾರ ಕೃಷ್ಣಸ್ವಾಮಿ ಬಂದರು. ಮೈಸೂರಿನವರು, ಇಲ್ಲಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡ ಕೂಟದಲ್ಲಿ ಪೌರತ್ವದ ಪಾಠ ಹೇಳುತ್ತಿದ್ದರು. ಶೈಲಮ್ಮನಿಗೆ ಮನೆಗೇ ಬಂದು ಹೇಳುತ್ತಿದ್ದುದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿಯ ಪಾಲೂ ಸಾಕಷ್ಟಿತ್ತು. ಅಮೆರಿಕದ ಸಂವಿಧಾನದ ಕಿರುಪುಸ್ತಕ ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು, ಅಂಗಿಯ ಒಳಗಿನ ಜನಿವಾರದಷ್ಟೇ ತಪ್ಪದೆ.

ಅಂದು ಬಿಸಿಲಿತ್ತು. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೃಷ್ಣಸ್ವಾಮಿ ಪಾಠ ಶುರುಮಾಡಿದರು. ಚಳಿಗಾಲದಲ್ಲಿ ವಾಲಿದ್ದ ಬೇಲಿಯನ್ನು ಆಚೆ ನಿಂತು ಸರಿಮಾಡುತ್ತಿದ್ದ ಪಕ್ಕದ ಮನೆಯ ಟೋನಿ ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಭಾನುವಾರದ ಚರ್ಚು ತಪ್ಪಿಸದವನು, ಶೈಲಮ್ಮನಿಗೆ ಬೇಸಿಗೆಯಲ್ಲಿ ಬುಟ್ಟಿ ತುಂಬ ಟೊಮೆಟೊ ಕೊಡುವವನು.

"ಅವರಿಗೆ ಮುಖ್ಯವಾದದ್ದನ್ನೇ ಹೇಳುತ್ತಿಲ್ಲ ನೀನು," ಎಂದು ಟೋನಿ ಇಂಗ್ಲಿಷಿನಲ್ಲಿ ಕೃಷ್ಣಸ್ವಾಮಿಯವರನ್ನು ಕೆಣಕಿದ. "ಈ ದೇಶ ಕಟ್ಟಿದವರು ಕ್ರಿಶ್ಚಿಯನ್ನರು. ಕಟ್ಟಿದ್ದು ಬೈಬಲ್ಲಿನ ಮೇಲೆ."

ಕೃಷ್ಣಸ್ವಾಮಿ ಕಿರುಪುಸ್ತಕ ಹೊರತೆಗೆದರು. "ತೋರಿಸು ಹಾಗಿದ್ದರೆ. 'ನಾವು, ಜನ' ಅಂತ ಶುರುವಾಗುತ್ತದೆ. ದೇವರ ಹೆಸರೇ ಎತ್ತಿಲ್ಲ. ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಅಂತ ಬರೆದಿದೆ. ಇದು ಬುದ್ಧಿಯಿಂದ ಕಟ್ಟಿದ ದೇಶ."

ಟೋನಿ ಜೇಬಿನಿಂದ ಒಂದು ಡಾಲರ್ ನೋಟು ತೆಗೆದು, ದೇವರನ್ನು ನಂಬಿದ್ದೇವೆ ಎಂಬ ಸಾಲಿನ ಮೇಲೆ ಹೆಬ್ಬೆರಳಿಟ್ಟು ಹಿಡಿದ.

"ಅದು ಆಮೇಲೆ ಸೇರಿಸಿದ್ದು."

"ಹೌದಾ? ನಿನ್ನ ಪುಸ್ತಕದ ಕೊನೆಗೆ ಸಹಿ ಹಾಕಿರುವ ಕಡೆ ತೆಗಿ. ತಾರೀಖು ಓದು."

ಕೃಷ್ಣಸ್ವಾಮಿ ಹಾಳೆ ತಿರುವಿದರು. ನಮ್ಮ ಪ್ರಭುವಿನ, ಎಂದರೆ ಏಸುವಿನ, ಇಂತಿಷ್ಟನೆಯ ವರ್ಷದಲ್ಲಿ ಎಂದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಶೈಲಮ್ಮನ ಕಡೆ ತಿರುಗಿದರು. "ಅದು ತಾರೀಖು ಹಾಕೋ ಪದ್ಧತಿ ಅಷ್ಟೇ ಕಣಮ್ಮ. ನಾವು ಕಾಗದದ ಮೇಲೆ ಶ್ರೀ ಅಂತ ಬರೆಯಲ್ವೇ, ಹಾಗೆ."

ಕನ್ನಡ ತಿಳಿಯದಿದ್ದರೂ ಟೋನಿಗೆ ಗೆದ್ದದ್ದು ತಿಳಿಯಿತು. "ನೀನೇ ಯೋಚಿಸು," ಎಂದ. "ದೇವರ ಭಯವಿಲ್ಲದಿದ್ದರೆ ಪ್ರಮಾಣಕ್ಕೆ ಏನರ್ಥ? ಯಾರಿಗೆ ಹೆದರಿ ಜನ ನಿಜ ಹೇಳುತ್ತಾರೆ?"

ಶೈಲಮ್ಮನ ಕೈ ಸೆರಗಿನೊಳಗಿನ ಕರಡಿಗೆಗೆ ಹೋಯಿತು. ಮೂರು ತಿಂಗಳಿಂದ ಯಾರನ್ನು ಕೇಳಬೇಕೆಂದು ತಿಳಿಯದೆ ನುಂಗಿಕೊಂಡಿದ್ದ ಮಾತು ಹೊರಗೆ ಬಂತು.

"ಅಂಕಲ್, ಆಣೆ ಮಾಡಲಾರದವರು ಏನು ಮಾಡಬೇಕು ಅಂತ ಅದ್ರಾಗ ಬರದೈತೇನ್ರಿ?"

"ಮಾಡಲಾರದವರು ಅಂದ್ರೆ?"

"ನಿಜಾನ ಹೇಳ್ತಾರ, ಆದ್ರ ಆಣೆ ಮಾಡಂಗಿಲ್ಲ. ಅಂಥವರು."

ಕೃಷ್ಣಸ್ವಾಮಿ ಒಂದು ಗಳಿಗೆ ಅವಳ ಮುಖ ನೋಡಿದರು. ಎದೆಯ ಮೇಲಿದ್ದ ಅವಳ ಕೈಯನ್ನೂ ನೋಡಿದರು. ಮುದುಕರಿಗೆ ಏನೋ ಹೊಳೆದಿರಬೇಕು. ಹೆಚ್ಚು ಕೇಳದೆ ಪುಸ್ತಕ ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಅವಳ ಮುಂದೆ ಹಿಡಿದರು. "ಇದೆ ಕಣಮ್ಮ. ಪ್ರೆಸಿಡೆಂಟು ಅಧಿಕಾರ ವಹಿಸಿಕೊಳ್ಳೋವಾಗಿನ ಮಾತು. ಸ್ವೇರ್ ಅಂತ ಬರೆದು, ಪಕ್ಕದಲ್ಲೇ ಅಥವಾ ಅಫರ್ಮ್ ಅಂತಾನೂ ಬರೆದಿದಾರೆ. ಅಂದರೆ ಆಣೆಯಿಲ್ಲದೆ ದೃಢವಾಗಿ ಹೇಳೋದು. ಎರಡಕ್ಕೂ ಒಂದೇ ಬೆಲೆ. ಪ್ರೆಸಿಡೆಂಟಿಗೆ ಸಾಕಾದದ್ದು ನಿನಗೆ ಸಾಲದೇ? ಆಫೀಸಿನಲ್ಲೂ ಕೇಳಿದರೆ ಕೊಡಲೇಬೇಕು."

"ಅದು ಕ್ವೇಕರ್ ಕ್ರಿಶ್ಚಿಯನ್ನರಿಗಾಗಿ ಹಾಕಿದ್ದು," ಎಂದ, ಅಫರ್ಮ್ ಎಂಬ ಒಂದು ಶಬ್ದ ಕಿವಿಗೆ ಬಿದ್ದ ಟೋನಿ ಬೇಲಿಯ ಮೇಲೆ ಒರಗಿ. "ನನ್ನ ಹೆಂಡತಿಯ ಅಜ್ಜಿ ಆ ಪಂಗಡದವಳು. ಅವರ ಪ್ರಾರ್ಥನೆ ಮನೆಯಲ್ಲಿ ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಸುಮ್ಮನೆ ಕೂರುತ್ತಾರೆ. ಈ ಹಿಕ್ಸ್‌ವಿಲ್ ಹೆಸರೇ ಅಂಥವರ ಮನೆತನದ್ದು. ಅವರು ಆಣೆ ಮಾಡುವುದಿಲ್ಲ. ಆಣೆ ಮಾಡಿ ಹೇಳಿದ್ದು ಮಾತ್ರ ನಿಜವಾದರೆ ಉಳಿದ ದಿನವೆಲ್ಲ ಸುಳ್ಳು ಹೇಳುತ್ತಿದ್ದೆಯಾ ಅನ್ನುತ್ತಿದ್ದಳು ಮುದುಕಿ. ಆಣೆ ಬೇಡವೆಂದದ್ದು ಏಸುವೇ. ನೋಡಿದೆಯಾ, ಅದೂ ಬಂದದ್ದು ಬೈಬಲ್ಲಿನಿಂದ."

"ಬಂದದ್ದು ಎಲ್ಲಿಂದಾದರೂ ಇರಲಿ, ಬರೆದದ್ದು ಎಲ್ಲರಿಗೂ. ಏಸುವನ್ನು ನಂಬುವವರಿಗೆ ಮಾತ್ರ ಅಂತ ಎಲ್ಲಿದೆ?" ಎಂದು ಕೃಷ್ಣಸ್ವಾಮಿ ಪುಸ್ತಕ ಬಡಿದರು.

ಇಬ್ಬರೂ ಗೆದ್ದೆವೆಂದುಕೊಂಡರು. ಶೈಲಮ್ಮನಿಗೆ ಯಾರು ಗೆದ್ದರೂ ಬೇಕಿರಲಿಲ್ಲ. ಇನ್ನೂರು ವರ್ಷದ ಹಿಂದೆ ಈ ಪುಸ್ತಕ ಬರೆಯುವಾಗ, ಆಣೆಗೆ ಹೆದರುವ ತನ್ನಂಥವರು ಯಾರೋ ಬಾಗಿಲ ಹತ್ತಿರ ನಿಂತಿದ್ದರು, ಒಳಗಿದ್ದವರು ಅವರನ್ನೂ ನೆನೆಸಿಕೊಂಡಿದ್ದರು. ಅಷ್ಟು ಸಾಕಾಗಿತ್ತು ಅವಳಿಗೆ. ಒಳಗೆ ಹೋಗಿ ಇಬ್ಬರಿಗೂ ಬಿಸಿ ರೊಟ್ಟಿ ತಂದಳು. ಅಂದು ರಾತ್ರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಗುರುವಾರ ಗದಿಗೆಪ್ಪ ರಜೆ ಹಾಕಿ ಅವಳನ್ನು ಎರಡನೆಯ ಸಂದರ್ಶನಕ್ಕೆ ಮ್ಯಾನ್‌ಹಟನ್ನಿಗೆ ಕರೆದುಕೊಂಡು ಹೋದ. ಆಫೀಸಿನ ಬಾಗಿಲವರೆಗೂ ಅವನ ಕೈಯಲ್ಲಿ ಕಾರ್ಡುಗಳಿದ್ದವು. "ಕಣ್ಣು ಮುಚ್ಚಿ ನೋ," ಎಂದು ಕೊನೆಗೊಮ್ಮೆ ನೆನಪಿಸಿದ.

ಈ ಸಲ ಅಧಿಕಾರಿ ಹೆಂಗಸು, ನಿವೃತ್ತಿಯ ಅಂಚಿನ ವಯಸ್ಸು. ಕೊರಳಲ್ಲಿ ತೆಳು ಸರಪಳಿ, ಅದರಲ್ಲಿ ಸಣ್ಣ ಶಿಲುಬೆ. ಬಲಗೈ ಎತ್ತಿ ಎಂದಳು.

"ನಾನು ಆಣೆ ಮಾಡುವುದಿಲ್ಲ," ಎಂದಳು ಶೈಲಮ್ಮ, ಮನೆಯಲ್ಲಿ ಸ್ಮಿತಾ ತಿದ್ದಿಕೊಟ್ಟಿದ್ದ ಇಂಗ್ಲಿಷಿನಲ್ಲಿ. "ನಮ್ಮ ದೇವರ ಕಾರಣಕ್ಕೆ. ಅಫರ್ಮ್ ಮಾಡುತ್ತೇನೆ."

ಅಧಿಕಾರಿ ತಲೆಯೆತ್ತಲಿಲ್ಲ. ಫಾರಂನ ಅಂಚಿನಲ್ಲಿ ಏನೋ ಬರೆದುಕೊಂಡಳು. "ಸರಿ. ನಿಜವನ್ನೇ ಹೇಳುತ್ತೀರೆಂದು ದೃಢಪಡಿಸುತ್ತೀರಾ?"

"ಹೌದು."

ಅಷ್ಟೇ. ಕೈ ತಾನಾಗಿ ಮೇಲೆ ಹೋಗಿತ್ತು. ಮೂರು ತಿಂಗಳು ನಿದ್ದೆ ಕೆಡಿಸಿದ್ದು ಒಂದು ಉಸಿರಿನಲ್ಲಿ ಮುಗಿಯಿತು. ಸೆನೇಟು, ಪಟ್ಟಿ, ಮೊದಲ ಪ್ರೆಸಿಡೆಂಟು ಎಲ್ಲವೂ ಸರಾಗ. ಆಮೇಲೆ ಅರ್ಜಿ. ಕುಡಿತ, ನೋ. ಜೂಜು, ನೋ. ಜೈಲು, ನೋ.

"ಇಮಿಗ್ರೇಷನ್ ಲಾಭಕ್ಕಾಗಿ ಎಂದಾದರೂ ಸುಳ್ಳು ಸಾಕ್ಷಿ ಹೇಳಿದ್ದೀರಾ?"

ನೋ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಲಿಂಗ ಮುಟ್ಟಿ ಸುಳ್ಳು ಹೇಳಿದವಳು ತಾನು. ಈಗ ಯಾವುದನ್ನೂ ಮುಟ್ಟದೆ, ಬರಿ ಬಾಯಿಮಾತಿನಲ್ಲಿ ನಿಜ ಹೇಳುತ್ತೇನೆಂದು ಇದೀಗ ಒಪ್ಪಿಕೊಂಡಿದ್ದಾಳೆ. ಲಂಡನ್ನು ನೆನಪಾಯಿತು, ಸ್ಮಿತಾಳ ಮುಖ ನೆನಪಾಯಿತು.

"ಇಮಿಗ್ರೇಷನ್ನಿಗೆ ಇಲ್ಲ," ಎಂದಳು. "ಸುಳ್ಳು ಸಾಕ್ಷಿ ಒಮ್ಮೆ ಹೇಳಿದ್ದೇನೆ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಯಾವಾಗ?"

ಶೈಲಮ್ಮ ಹೇಳಿದಳು. ಇಂಗ್ಲಿಷ್ ಸಾಲದ ಕಡೆ ಕೈಯಿಂದ ತೋರಿಸಿದಳು, ಟ್ರಂಕು, ಜೋಳದ ಚೀಲ, ಗೋಡೆಗೆ ಒರಗಿಸಿದ ಕಸಬರಿಗೆ. ಕೆಲಸ ಕೆಟ್ಟಿತು ಎಂದುಕೊಂಡಳು.

"ನಿಮಗಾಗ ಎಷ್ಟು ವರ್ಷ?"

"ಹತ್ತು."

"ಆಕೆ ವಾಪಸು ಬಂದಳಾ?"

"ಇಲ್ಲ."

"ಹೆಸರು ನೆನಪಿದೆಯಾ?"

"ಫಕೀರವ್ವ."

ಅಧಿಕಾರಿ ಆ ಹೆಸರನ್ನು ತನಗೆ ಬಂದ ಹಾಗೆ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಸುತ್ತು ಬಳಸಿ ಏನೋ ಆಯಿತಾದರೂ ಶೈಲಮ್ಮನಿಗೆ ಗುರುತು ಸಿಕ್ಕಿತು. ಮೂವತ್ತೈದು ವರ್ಷದಲ್ಲಿ ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಈ ಪ್ರಶ್ನೆ ಅದನ್ನು ಕೇಳುತ್ತಿಲ್ಲ," ಎಂದಳು ಅಧಿಕಾರಿ. "ಇದಕ್ಕೆ ನಿಮ್ಮ ಉತ್ತರ ನೋ." ಗುರುತು ಹಾಕಿದಳು. ಇನ್ನೆರಡು ಪುಟ ತಿರುವಿ ಸಹಿ ಮಾಡಿಸಿ, ಠಸ್ಸೆ ಒತ್ತಿ, ಕಾಗದವನ್ನು ಮೇಜಿನ ಮೇಲೆ ಇತ್ತ ತಳ್ಳಿದಳು. "ಪಾಸಾಗಿದ್ದೀರಿ. ಸಮಾರಂಭ ಮೇ ತಿಂಗಳಲ್ಲಿ. ಅಲ್ಲೂ ಆಣೆ ಬೇಡವೆಂದು ಬರೆದಿದ್ದೇನೆ."

ಹೊರಗೆ ಗದಿಗೆಪ್ಪ ಕಾಗದವನ್ನು ಎರಡು ಸಲ ಓದಿ, ಕಾರ್ಡುಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿದ. ಕಣ್ಣು ತುಂಬಿತ್ತು. ಚಳಿಗೆ ಎಂದು ಒರೆಸಿಕೊಂಡ.

ಸಬ್‌ವೇಯಲ್ಲಿ ಮಧ್ಯಾಹ್ನದ ಗದ್ದಲ. ಇಬ್ಬರೂ ನಿಂತೇ ಹೊರಟರು.

"ಅರ್ಧ ತಾಸು ಒಳಗ ಏನ್ ಮಾಡಿದಿ? ಏನೇನು ಕೇಳಿದ್ರು?"

"ಫಕೀರವ್ವನ ಬಗ್ಗೆ ಕೇಳಿದ್ರು."

"ಯಾವ ಫಕೀರವ್ವ?"

"ಹೇಳ್ತೀನಿ. ಸ್ವಲ್ಪ ಉದ್ದ ಐತಿ."

ರೈಲು ತಿರುವಿನಲ್ಲಿ ಓಲಿತು. ಮುಂದಿನ ಸ್ಟೇಷನ್ನಿನಲ್ಲಿ ಒಂದು ಸೀಟು ಖಾಲಿಯಾಯಿತು, ಗದಿಗೆಪ್ಪ ಕುಂದ್ರು ಎಂದು ಕಣ್ಣಿನಲ್ಲೇ ತೋರಿಸಿದ. ಶೈಲಮ್ಮ ಕೂರಲಿಲ್ಲ. ಬಲಗೈಯನ್ನು ಪೂರಾ ಮೇಲೆತ್ತಿ ತಲೆಯ ಮೇಲಿನ ಕಂಬಿಯನ್ನು ಹಿಡಿದು ನಿಂತು, ಗದಗದ ಮನೆಯ ಟ್ರಂಕಿನಿಂದ ಹೇಳಲು ಶುರುಮಾಡಿದಳು.