ಎಡಗೈಯಡಿಯ ಗುಂಡಿ

ಮೂರೂವರೆ ಕಿಲೋ ಲೆನ್ಸನ್ನು ಒಂದು ಸಲ ಎತ್ತಿ ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ. ಎಡಗೈ ಅದರ ಅಡಿಗೆ ಹೋಯಿತೆಂದರೆ ಮುಗೀತು, ಭಾರ ಹೊರೋದೊಂದೇ ಅದರ ಪಾಡು. ಮಿಕ್ಕಿದ್ದೆಲ್ಲ ಬಲಗೈಯ ಎರಡು ಬೆರಳಿನ ಕೆಲಸ. ಆದರೂ ಲೆನ್ಸ್ ಮಾಡಿದ ಮಹಾನುಭಾವರು ಎಡಗೈ ಬೆರಳು ಕೂರುವ ಜಾಗದಲ್ಲೇ ಒಂದು ಗುಂಡಿ ಇಟ್ಟಿದ್ದಾರೆ. ಅದನ್ನು ಒತ್ತಿದಷ್ಟು ಹೊತ್ತು ಫೋಕಸ್ ಇದ್ದಲ್ಲೇ ನಿಲ್ಲುತ್ತೆ, ಓಡೋರ ಜೊತೆ ಹೋಗಲ್ಲ. ನಡುವೆ ಯಾರಾದರೂ ಅಡ್ಡ ಬಂದರೆ ಅನುಕೂಲ ಅಂತ ನಾನದನ್ನು ಆಫ್ ಮಾಡಿರಲಿಲ್ಲ. ಹನ್ನೊಂದು ವರ್ಷದಿಂದ ಸೈಕಲ್ ರೇಸಿನ ಫೋಟೊ ತೆಗೆಯೋಳು ನಾನು, ನನ್ನ ಕೈ ತಪ್ಪುತ್ತಾ ಅನ್ನೋ ಜಂಬ ಬೇರೆ.

ಅವತ್ತು ಕೊನೇ ತಿರುವಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವಳು ನಾನೊಬ್ಬಳೇ. ರೇಸಿನಲ್ಲಿ ಮುಂದೆ ನೀಲಿ ಅಂಗಿಯ ನನ್ನ ಅಣ್ಣ ಬರ್ತಿದ್ದ. ಹಳದಿ ಅಂಗಿಯವನೊಬ್ಬ ಅವನಿಗೆ ಅಂಟಿಕೊಂಡು ಬಂದು ಮೊಣಕೈಯಲ್ಲಿ ಪಕ್ಕೆಗೆ ತಿವಿದ. ಕಣ್ಣಾರೆ ಕಂಡೆ. ಅಣ್ಣ ಬಿದ್ದ. ಹಿಂದಿದ್ದವನು ಅವನ ಮೇಲಿಂದ ಹಾರಿ ಕಂಬಕ್ಕೆ ಬಡಿದು ಅಲ್ಲೇ ಸತ್ತ.

"ಇವನೇ ಅಡ್ಡ ನುಗ್ಗಿದ" ಅಂತ ಆ ಹಳದಿ ಅಂಗಿಯವನು ಸಲೀಸಾಗಿ ಹೇಳಿಬಿಟ್ಟ. ಸತ್ತವನ ಮನೆಯವರು ಅಣ್ಣನನ್ನು ಕೊಲೆಗಾರ ಅಂದರು. ವಿಚಾರಣೆಯವರು ನನ್ನ ಫೋಟೊ ಕೇಳಿದರು.

ಇಪ್ಪತ್ತಾರು ಫೋಟೊ. ಎಲ್ಲದರಲ್ಲೂ ರಸ್ತೆಯ ಬಿಳಿ ಗೆರೆ ಸ್ಪಷ್ಟವಾಗಿದೆ, ಅದರ ಮುಂದೆ ಹಳದಿ, ನೀಲಿ ಕಲಸಿದ ಮುದ್ದೆ. ಆ ಪಾಪಿ ಹತ್ತಿರ ಬಂದಾಗಲೇ ನನ್ನ ಎದೆ ಧಸಕ್ಕೆಂದು ಎಡಗೈ ಬಿಗಿದಿತ್ತು, ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಬೇರೆ ಯಾರ ಅಣ್ಣನಾಗಿದ್ದರೂ ನನ್ನ ಕೈ ಬಿಗೀತಿರಲಿಲ್ಲ, ಹಾಳಾದ್ದು!

ಆಸ್ಪತ್ರೆಯಲ್ಲಿ ಅಣ್ಣ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ. ಅವತ್ತಿನವರೆಗೂ "ಅವನು ತಿವಿದ, ಫೋಟೊ ಬರಲಿ ಇರು" ಅಂತಿದ್ದವನು.

"ಮೊಣಕೈ ಎಲ್ಲೂ ಇಲ್ವಲ್ಲೇ."

"ಕೆಟ್ಟುಹೋಗಿದೆ ಅಣ್ಣ. ನನ್ನ ತಪ್ಪು. ನಾನು ಕಣ್ಣಾರೆ ನೋಡಿದೀನಿ."

"ನೀನು ನನ್ನ ತಂಗಿ, ಇನ್ನೇನು ಹೇಳ್ತೀಯ?" ಮತ್ತೆ ಮೊದಲನೇ ಫೋಟೊದಿಂದ ಶುರು ಮಾಡಿದ. ತುಂಬಾ ಹೊತ್ತು ನೋಡಿದ. "ನಾನೇ ಅಡ್ಡ ಬಂದೆ ಅನ್ಸುತ್ತೆ ಕಣೇ. ಪಾಪ, ಸತ್ತವನಿಗೆ ಮಕ್ಕಳಿದ್ರಾ?"

ಇಲ್ಲ ಅಣ್ಣ, ಇಲ್ಲ ಅಂತ ಕಿರುಚಿದೆ. ನರ್ಸ್ ಓಡಿ ಬಂದಳು. ಅಣ್ಣ ಅವಳ ಹತ್ತಿರ ಪೆನ್ನು ಕೇಳಿ ಇಸ್ಕೊಂಡು, ತಪ್ಪು ನನ್ನದೇ ಅಂತ ಬರೆಯೋಕೆ ಕೂತ.