ಒಡೆಯದ ಒಡ್ಡು

ಈ ಸಲದ ಮಳೆಯಲ್ಲಿ ಗುಂಜಿಯ ಸತ್ಯಪ್ಪನಿಗೆ ಆದ ನಷ್ಟ ಒಂದೇ: ಅವನಿಗೆ ಏನೂ ನಷ್ಟವಾಗಲಿಲ್ಲ.

ಹಳ್ಳ ಉಕ್ಕಿ ಪಕ್ಕದ ಗದ್ದೆಯ ಬಾಬಾಜಾನನ ಒಡ್ಡು ಕೊಚ್ಚಿಹೋಯಿತು. ಒಡ್ಡು ಒಡೆದವರ ಮಣ್ಣು ಉಳಿಯಲಿ ಎಂದು ಸರ್ಕಾರ ತುರ್ತು ಸಹಾಯಧನ ಕೊಟ್ಟಿತು. ಟ್ರ್ಯಾಕ್ಟರ್ ತುಂಬ ಕಲ್ಲು ಬಂದು ಬಾಬಾಜಾನನ ಗದ್ದೆಯ ಅಂಚಿಗೆ ಬಿತ್ತು. ಸತ್ಯಪ್ಪನ ಒಡ್ಡು ಮಾತ್ರ ಕದಲಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅವನ ಹೆಂಡತಿ ಭರಮವ್ವ ಅದಕ್ಕೆ ಕೆಸರು ಮೆತ್ತಿ, ತುಳಿದು ತುಳಿದು ಗಟ್ಟಿ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಬಾಬಾಜಾನ ಲೋಂಡಾ ಸ್ಟೇಶನ್ನಿನಲ್ಲಿ ಚಹಾ ಕುಡಿಯುತ್ತ ಹರಟುತ್ತಿದ್ದ.

"ಕುಂತು ಚಾ ಕುಡದಾವಗ ಕಲ್ಲಿನ ಒಡ್ಡು. ದುಡದಾವಗ ಮಣ್ಣು" ಎಂದ ಸತ್ಯಪ್ಪ.

"ನಮ್ಮ ಪೈರು ಚಂದ ಐತಿ. ಮತ್ತೇನ ಬೇಕು?" ಎಂದಳು ಭರಮವ್ವ.

ಪೈರು ಚೆನ್ನಾಗಿದ್ದರೆ ಹೊಟ್ಟೆಯ ಉರಿ ಆರುತ್ತದೆಯೇ? ಅತ್ತ ಕಲ್ಲಿನ ಮೇಲೆ ಕಲ್ಲು ಕೂರುತ್ತಿದ್ದ ಸದ್ದು ಸತ್ಯಪ್ಪನಿಗೆ ಊಟ ಮಾಡುವಾಗಲೂ ಕೇಳುತ್ತಿತ್ತು.

ಕಲ್ಲಿನ ಒಡ್ಡಿನ ಕೆಲಸ ನೋಡಲು ಬೆಳಗಾವಿಯಿಂದ ಸಾಹೇಬರು ಬರುತ್ತಾರೆ ಎಂದು ಗೊತ್ತಾಯಿತು. ಅವರು ಬರುವ ದಿನ ಭರಮವ್ವ ಖಾನಾಪುರದ ಸಂತೆಗೆ ಹೋಗಿದ್ದಳು. ಸತ್ಯಪ್ಪ ಗುದ್ದಲಿ ತೆಗೆದುಕೊಂಡು ತನ್ನ ಒಡ್ಡನ್ನು ತಾನೇ ಕಡಿದ. ಮಳೆಗೆ ಒಡೆದದ್ದೆಂದು ಸಾಹೇಬರಿಗೆ ತೋರಿಸಲು ಅಂಗೈ ಅಗಲ ಸಾಕೆಂಬುದು ಅವನ ಲೆಕ್ಕ. ಗದ್ದೆಯಲ್ಲಿ ನಿಂತ ನೀರಿಗೆ ಆ ಲೆಕ್ಕ ತಿಳಿಯಲಿಲ್ಲ. ನೋಡನೋಡುತ್ತಲೇ ಕಡಿದ ಬಾಯಿ ಎತ್ತಿನಗಾಡಿ ಹೋಗುವಷ್ಟು ಅಗಲವಾಯಿತು. ನಾಟಿ ಮಾಡಿದ ಸಸಿ ಬುಡಸಮೇತ ಎದ್ದು ಹಳ್ಳದ ಕಡೆ ಹೊರಟಿತು. ಕೆಟ್ಟ ಮೇಲೆ ಬುದ್ಧಿ ಬಂತು; ಸತ್ಯಪ್ಪ ಆ ಬಾಯಿಗೆ ಅಡ್ಡಲಾಗಿ ತಾನೇ ಕೂತ.

ಬಾಬಾಜಾನ ಓಡಿಬಂದ. ತನ್ನ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ಬಾಯಿಗೆ ಒಟ್ಟಿದ. ನೀರು ನಿಂತಿತು.

"ನಿನ್ನ ಗದ್ದಿ ಕುಸದ್ರ ನಂದೂ ಕುಸೀತೈತಿ. ಏಳಪಾ ಮ್ಯಾಲ" ಎಂದು ಕೈ ಕೊಟ್ಟ.

ಇಬ್ಬರೂ ಕೆಸರಿನಲ್ಲಿ ನಿಂತಿರುವಾಗಲೇ ಸಾಹೇಬ ಪ್ರಸಾದ ಜೀಪಿನಿಂದ ಇಳಿದ. ಹಿಂದೆಯೇ ಸಂತೆಯ ಚೀಲ ಹೊತ್ತು ಭರಮವ್ವನೂ ಬಂದಳು.

"ಸರ್ಕಾರದ ಕಲ್ಲು ಇಲ್ಲಿಗೆ ಹೆಂಗ ಬಂದ್ವು?" ಎಂದ ಪ್ರಸಾದ.

ಬಾಬಾಜಾನ ಕಡಿದ ಅಂಚನ್ನು ನೋಡಿದ. ಗುದ್ದಲಿಯ ಗುರುತು ಇನ್ನೂ ಹಸಿಯಾಗಿತ್ತು. "ಏಡಿ ಕೊರದಿದ್ವು ಸಾಹೇಬ್ರ. ಒಮ್ಮೆಲೆ ಒಡೀತು. ನಾನ ಕಲ್ಲು ತಂದು ಹಾಕೀನಿ" ಎಂದ.

"ಹಂಗಾದ್ರ ಇದೂ ಮಳಿ ಹಾನಿನ. ಇವರ ಹೆಸರೂ ಕಳಸ್ತೀನಿ" ಎಂದು ಪ್ರಸಾದ ಫೋಟೊ ತೆಗೆಯಲು ಮೊಬೈಲ್ ಎತ್ತಿದ.

ಸತ್ಯಪ್ಪನಿಗೆ ಬೇಕಾಗಿದ್ದುದು ಇದೇ. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಅವನು ಹೆಂಡತಿಯ ಮುಖ ನೋಡಿದ. ಭರಮವ್ವನೂ ಆ ಗುರುತು ಕಂಡಿದ್ದಳು. ಈಗ ಅವಳು ಬಾಬಾಜಾನನನ್ನು ನೋಡುತ್ತಿದ್ದಳು. ಆ ಮರ್ಯಾದೆಯ ನೋಟ ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಸತ್ಯಪ್ಪನ ಪಾಲಿಗೆ ಬಂದಿರಲಿಲ್ಲ. ಕಲ್ಲಿನ ಉರಿಗೆ ಒಡ್ಡು ಕಡಿದದ್ದಾಗಿತ್ತು. ಈ ಉರಿಯನ್ನಂತೂ ತಡೆಯುವುದು ಆಗಲಿಲ್ಲ.

"ಏಡಿ ಅಲ್ರಿ. ನಾನ ಕಡದೀನಿ" ಎಂದ.

ಪ್ರಸಾದ ಮೊಬೈಲ್ ಕಿಸೆಗೆ ಹಾಕಿಕೊಂಡ. ಎರಡು ದಿನದಲ್ಲಿ ಕಲ್ಲು ತಿರುಗಿ ಅದರ ಜಾಗಕ್ಕೆ ಹೋಗಬೇಕೆಂದು ಹೇಳಿ ಜೀಪು ಹತ್ತಿದ.

"ಎಂಥಾ ಮನಷ್ಯಾಪಾ ನೀ. ಬರೂ ರೊಕ್ಕ ಬಿಟ್ಟಿ" ಎಂದ ಬಾಬಾಜಾನ.

"ನಿನ್ನ ಪುಣ್ಯಾದಿಂದ ಬರೂದು ನನಗ ಬ್ಯಾಡ" ಎಂದ ಸತ್ಯಪ್ಪ. ಖರೇ ಹೇಳಿದ್ದೇನಲ್ಲ, ಈಗಲಾದರೂ ನೋಡುತ್ತಾಳೆ ಎಂದು ಹೆಂಡತಿಯ ಕಡೆ ತಿರುಗಿದ.

ಭರಮವ್ವ ಆಗಲೇ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದಿದ್ದಳು. ತೇಲುತ್ತಿದ್ದ ಸಸಿಗಳನ್ನು ಬಾಚಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಬಾಬಾಜಾನಣ್ಣಾ, ಆ ಬಾಜೂ ಸಸಿ ನೀವು ಹಿಡೀರಿ" ಎಂದಳು.

ಗಂಡನನ್ನು ಅವಳು ಕರೆಯಲಿಲ್ಲ.